ಎಂಟು ಚುಕ್ಕೆಯ ಅಂತರ

"ಉಸಿರು ಹಿಡಿದುಕೊಳ್ಳಿ" ಎಂದ ಜಿಂಸಿ "ಬಿಡಿ" ಎನ್ನುವುದನ್ನು ಮರೆತಳು. ಎಕ್ಸ್‌ರೇ ಕೋಣೆಯ ದಪ್ಪ ಗಾಜಿನ ಆಚೆ, ಸವಣೂರಿನಿಂದ ಬಂದಿದ್ದ ನೆಬೀಸ ಎಂಬ ಮುದುಕಿ ಎದೆಯನ್ನು ತಟ್ಟೆಗೆ ಒತ್ತಿ, ಗಲ್ಲ ಮೇಲೆತ್ತಿ, ಹೇಳಿಕೊಟ್ಟ ಹಾಗೆಯೇ ಭುಜಗಳನ್ನು ಮುಂದೆ ಬಾಗಿಸಿ ನಿಂತೇ ಇದ್ದರು. ಚಿತ್ರ ತೆಗೆದಾಗಿತ್ತು, ಈಚೆಯ ಪರದೆಯಲ್ಲಿ ಮೂಡಿಯೂ ಆಗಿತ್ತು. ಸಾಲು ಪಕ್ಕೆಲುಬುಗಳು, ನಡುವೆ ಓರೆಯಾಗಿ ಕುಳಿತ ಹೃದಯದ ಬಿಳಿ ನೆರಳು, ಎಡಗಡೆಯ ಕೆಳಭಾಗದಲ್ಲಿ ಸಣ್ಣ ಮಸುಕು. ಜಿಂಸಿಯ ಕಣ್ಣು ಅದರ ಮೇಲಿತ್ತು. ಮನಸ್ಸು ಮಾತ್ರ ಕಡಬದ ಮನೆಯ ಮಹಡಿಯ ಕೋಣೆಯಲ್ಲಿ, ಕೀಲಿಮಣೆಯೊಳಗೇ ಎಲ್ಲವೂ ಅಡಗಿದ ಒಂದು ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿ ತಾನು ಬಿಸಿ ಬ್ಲೇಡಿನಿಂದ ಕೊರೆದ ತೂತಿನ ಹತ್ತಿರವೇ ಸುಳಿಯುತ್ತಿತ್ತು. ತೂತು ಸೊಟ್ಟಗಾಗಿತ್ತು. ಪ್ಲಾಸ್ಟಿಕ್ ಕರಗಿ ಅಂಚಿನಲ್ಲಿ ತುಟಿಯ ಹಾಗೆ ಉಬ್ಬಿಕೊಂಡಿತ್ತು. ಅರದಿಂದ ಉಜ್ಜಿದರೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಆಚೆಯಿಂದ ಕೆಮ್ಮು ಕೇಳಿಸಿತು. ನೆಬೀಸಮ್ಮ ತಟ್ಟೆಯನ್ನೇ ಹಿಡಿದುಕೊಂಡು ಬಗ್ಗಿದ್ದರು. ಜಿಂಸಿ ಓಡಿಹೋಗಿ ಬೆನ್ನು ಸವರಿದಳು. "ನೀವು ಬಿಡ್ಲಿಕ್ಕೆ ಹೇಳ್ಲೇ ಇಲ್ಲ ಮಗಳೇ" ಎಂದರು ಮುದುಕಿ. ಅದರಲ್ಲಿ ದೂರು ಇರಲಿಲ್ಲ, ತನ್ನಿಂದಲೇ ಏನೋ ತಪ್ಪಾಯಿತು ಎಂಬಂಥ ಸಂಕೋಚವಿತ್ತು. "ನಾನು ಕಾಯ್ತಾ ಇದ್ದೆ."

ಹೊರಗೆ ಬೆಂಚಿನಲ್ಲಿ ಕುಳಿತವರ ಎದುರೇ ಕಿರಿಯ ಟೆಕ್ನಿಷಿಯನ್ ಸೂರಜ್ ನಕ್ಕ. ಅವನು ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. "ಜಿಂಸಿ ಮೇಡಮ್, ಇವತ್ತು ಎಂತ, ಪೇಷಂಟಿಗೆ ಯೋಗ ಕಲಿಸುದಾ?" ಜಿಂಸಿಯೂ ನಕ್ಕಳು. ನಗುವುದು ಅವಳಿಗೆ ಸುಲಭವಾಗಿ ಬರುತ್ತಿತ್ತು. ಯಾರಾದರೂ ಕಾಲು ತುಳಿದರೂ ಮೊದಲು ನಗುವವಳು ಅವಳೇ. ಹಾಗೆ ನಕ್ಕ ಮೇಲೆ ಮುಖದ ಚರ್ಮ ತನ್ನದಲ್ಲ ಎಂಬಂತೆ ಸ್ವಲ್ಪ ಹೊತ್ತು ಬಿಗಿದಿರುತ್ತಿತ್ತು. ಮಧ್ಯಾಹ್ನ ಡ್ಯೂಟಿ ಮುಗಿಸಿ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಡಬದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಾಗಲೂ ಆ ಬಿಗಿತ ಹೋಗಿರಲಿಲ್ಲ. ಇವತ್ತು ಶನಿವಾರ. ಅಣ್ಣ ಜೆಸ್ವಿನ್ ಸಂಜೆಯೊಳಗೆ ಬರುತ್ತಾನೆ. ಬಂದವನು ಕಂಪ್ಯೂಟರನ್ನು ತಿರುಗಿಸಿ ಹಿಂಬದಿ ನೋಡುತ್ತಾನೆ. ನೋಡದೆಯೂ ಇರಬಹುದು. ಇಷ್ಟು ವರ್ಷ ನೋಡದವನು ಇವತ್ತೇ ಯಾಕೆ ನೋಡಬೇಕು? ಆದರೆ ಅವನ ಹೊಸ ಕೆಫೆಯ ಶೆಲ್ಫಿನಲ್ಲಿ ಇಡುವಾಗ ತಿರುಗಿಸಲೇಬೇಕಲ್ಲ.

ಅಣ್ಣನ ಫೋನು ಬಂದದ್ದು ವಾರದ ಮಧ್ಯದಲ್ಲಿ. ಪುತ್ತೂರಿನಲ್ಲಿ ಅವನದು ಟೈಲ್ಸ್ ಅಂಗಡಿ. ಅದರ ಪಕ್ಕದ ಕೋಣೆಯಲ್ಲಿ ಈಗ ಹೆಂಡತಿ ಜೆಸ್ನಾಳ ಜೊತೆ ಕೆಫೆ ತೆರೆಯುತ್ತಿದ್ದ. "ಉತುಪ್ ಅಂಕಲ್ ಕುವೈತಿನಿಂದ ತಂದ ಕಂಪ್ಯೂಟರ್ ಉಂಟಲ್ಲ ಜಿಂಸೀ, ಬಿಸಾಡ್ಲಿಲ್ಲ ಅಲ್ವಾ? ಗೋಡೆಗೆ ಪೂರ್ತಿ ಹಳೇ ಸಾಮಾನು ಇಡುದು ಅಂತ ಜೆಸ್ನಾಳ ಐಡಿಯಾ. ಟೈಪ್‌ರೈಟರ್ ಸಿಕ್ಕಿತು, ಗ್ರಾಮಫೋನ್ ಸಿಕ್ಕಿತು. ಶನಿವಾರ ಬಂದು ತಕೊಂಡು ಹೋಗ್ತೇನೆ." ಅವಳು ಹ್ಞೂಂ ಎಂದಿದ್ದಳು. "ಅದು ಓಡುದೆಲ್ಲ ಬೇಡ, ನೋಡ್ಲಿಕ್ಕೆ ಇದ್ರೆ ಸಾಕು" ಎಂದು ಸೇರಿಸಿ ಅವನು ಫೋನಿಟ್ಟಿದ್ದ. ಆಗ ಅವಳ ಎದುರು ಮೇಜಿನ ಮೇಲೆ ಅದೇ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಚಿತ್ರ ಮೂಡಿಸುವ ಹಳೆಯ ಚಿಪ್ಪನ್ನು ಬೆಸುಗೆಯಿಂದ ಬಿಡಿಸಿ, ಅದರ ಜಾಗದಲ್ಲಿ ನಶೀದಾಳ ಗಂಡ ದುಬೈಯಿಂದ ತಂದುಕೊಟ್ಟ ಪುಟ್ಟ ಹಸಿರು ಬೋರ್ಡನ್ನು ಕೂರಿಸಿ ಆಗಿತ್ತು. ನಶೀದಾ ಆಸ್ಪತ್ರೆಯ ಲ್ಯಾಬಿನವಳು. "ಎಂತ ಮಾರಾಯ್ತಿ ಇದು, ಬಿಸ್ಕತ್ತಿನಷ್ಟೇ ಉಂಟು" ಎಂದು ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಟ್ಟಿದ್ದಳು. ಆಗಲೇ ಅಣ್ಣನಿಗೆ ಹೇಳಬಹುದಿತ್ತು. ಬಿಚ್ಚಿದ್ದೇನೆ, ಕೊರೆದಿದ್ದೇನೆ, ಇದು ಇನ್ನು ಮೊದಲಿನ ಹಾಗಿಲ್ಲ ಎನ್ನಲು ಎರಡು ಮಾತು ಸಾಕಿತ್ತು. ಬಸ್ಸು ಸವಣೂರಿನಲ್ಲಿ ನಿಂತಾಗ ಅವಳು ಆ ಎರಡು ಮಾತುಗಳನ್ನು ತುಟಿಯೊಳಗೇ ಆಡಿ ನೋಡಿದಳು. ಅವು ಕಳ್ಳತನ ಒಪ್ಪಿಕೊಂಡಂತೆ ಕೇಳಿಸಿದವು. ಯಾಕೆಂದರೆ ಕಂಪ್ಯೂಟರ್ ಜೆಸ್ವಿನ್‌ನದು. ಉತುಪ್ ಅಂಕಲ್ ರಜೆಯಲ್ಲಿ ಬಂದು ಸೂಟ್‌ಕೇಸ್ ಬಿಚ್ಚಿದ ದಿನವೇ ಅದು ತೀರ್ಮಾನವಾಗಿತ್ತು. ಇದು ಹುಡುಗನಿಗೆ, ಇದು ಹುಡುಗಿಗೆ. ಹುಡುಗಿಗೆ ಬಂದದ್ದು ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ. ಆ ಗೊಂಬೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಅವಳು ಮೊದಮೊದಲು ಅಣ್ಣನ ಹಿಂದೆ ಸ್ಟೂಲಿನ ಮೇಲೆ ಕುಳಿತು ಅವನ ಭುಜದ ಮೇಲಿಂದ ಟಿ.ವಿ. ಪರದೆಯನ್ನು ನೋಡುತ್ತಿದ್ದಳು. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರದ ಪಕ್ಕದಲ್ಲೇ ಅರಬಿ ಅಕ್ಷರಗಳೂ ಇದ್ದವು. ಅವು ಇರುವೆಗಳ ಹಾಗೆ ಕಾಣುತ್ತಿದ್ದವು.

ಮನೆಗೆ ಬಂದಾಗ ತಾಯಿ ತ್ರೇಸ್ಯಾಮ್ಮ ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದರು. ಎಪ್ಪತ್ತು ದಾಟಿದ್ದರೂ ಕುಕ್ಕರುಗಾಲಿನಲ್ಲಿ ಕುಳಿತರೆ ಒಂದು ಬುಟ್ಟಿ ಮುಗಿಸಿಯೇ ಏಳುವವರು. "ಜೆಸ್ವಿನ್ ಫೋನ್ ಮಾಡಿದ. ಜೆಸ್ನಾಳೂ ಬರ್ತಾಳಂತೆ. ಮೀನು ಉಂಟು" ಎಂದರು. ಜಿಂಸಿ ಚಪ್ಪಲಿ ಬಿಚ್ಚುತ್ತಾ, "ಅಮ್ಮಚ್ಚೀ, ಆ ಕಂಪ್ಯೂಟರನ್ನು ಕೊಡುದಾ ಬೇಡವಾ ಅಂತ ಯೋಚಿಸ್ತಾ ಇದ್ದೇನೆ" ಎಂದಳು. ತಾಯಿ ಚಾಕು ನಿಲ್ಲಿಸಲಿಲ್ಲ. ಕನ್ನಡ ಆಡಿದರೂ ಆ ಮನೆಯಲ್ಲಿ ಕರೆಯುವ ಹೆಸರುಗಳು ಮಲಯಾಳದವೇ, ಅಪ್ಪ ಅಪ್ಪಚ್ಚನ್, ಮಗಳು ಮೋಳೆ, ಅಣ್ಣ ಚೇಟ್ಟಾಯಿ, ಅಕ್ಕ ಚೇಚಿ. "ಕೊಡು ಮೋಳೆ. ಅವನ ಸಾಮಾನು ಅವನು ಕೇಳ್ತಾನೆ. ನಿನಗೆ ಆಸ್ಪತ್ರೆಯಲ್ಲಿ ನೋಡಿ ಸಾಕಾಗುದಿಲ್ವಾ ಪರದೆ?" ಈ ಮಾತಿನಲ್ಲಿ ಕೊಂಕು ಇರಲಿಲ್ಲ ಎಂಬುದೇ ಜಿಂಸಿಗೆ ಹೆಚ್ಚು ಚುಚ್ಚಿತು. ಹೌದು, ಬೆಳಗಿನಿಂದ ಬೂದು ನೋಡಿ ನೋಡಿ ಕಣ್ಣು ದಣಿಯುತ್ತಿತ್ತು. ಎಲುಬಿನ ಬಿಳಿಯಿಂದ ಗಾಳಿಯ ಕಪ್ಪಿನವರೆಗೆ ಬೂದಿನ ಎಷ್ಟು ಮೆಟ್ಟಿಲುಗಳಿವೆ ಎಂಬುದು ಅವಳಿಗೆ ಗೊತ್ತಿತ್ತು. ಬಣ್ಣ ಮಾತ್ರ ಅಲ್ಲಿ ಇರಲಿಲ್ಲ. ಇಂಜಿನಿಯರಿಂಗ್ ಕಲಿಯಬೇಕು ಎಂದು ಅವಳು ಒಮ್ಮೆ ಹೇಳಿದ್ದು ಇದೇ ಅಂಗಳದಲ್ಲಿ, ಅಪ್ಪಚ್ಚನ್ ಬದುಕಿದ್ದಾಗ. ಅವರು ಬೇಡ ಎನ್ನಲಿಲ್ಲ. ಜೆಸ್ವಿನ್‌ಗೆ ಆ ಕಡೆ ತಲೆ ಉಂಟು, ಮಂಗಳೂರಿನಲ್ಲಿ ಪ್ರೈಜ್ ಬಂದಿದೆ, ಅವನು ಕಲಿಯಲಿ, ನಿನಗೆ ಎಕ್ಸ್‌ರೇ ಕೋರ್ಸ್ ಆದರೆ ಬೇಗ ಕೆಲಸ ಸಿಗುತ್ತದೆ ಎಂದಷ್ಟೇ ಹೇಳಿದ್ದರು. ಹೇಳಿದ್ದೂ ನಿಜವಾಯಿತು. ಕೆಲಸ ಬೇಗ ಸಿಕ್ಕಿತು. ಜೆಸ್ವಿನ್ ಇಂಜಿನಿಯರಿಂಗನ್ನು ಮೂರನೇ ವರ್ಷದಲ್ಲಿ ಬಿಟ್ಟು ಟೈಲ್ಸ್ ವ್ಯಾಪಾರಕ್ಕೆ ಇಳಿದು ಅದರಲ್ಲಿ ಚೆನ್ನಾಗಿಯೇ ಬೆಳೆದ. ಯಾರಿಗೂ ನಷ್ಟವಾಗಲಿಲ್ಲ. ಹಾಗಿದ್ದರೆ ಎದೆಯಲ್ಲಿ ಇದೇನು, ಬಟ್ಟೆಯಲ್ಲಿ ಸಿಕ್ಕಿದ ಮುಳ್ಳಿನ ಹಾಗೆ, ಕೈ ಆಡಿಸಿದರೆ ಸಿಗದು, ಕುಳಿತರೆ ತಾಗುತ್ತದೆ.

ಮಹಡಿಯ ಕೋಣೆಯಲ್ಲಿ ಅವಳು ಸ್ವಿಚ್ಚು ಹಾಕಿದಳು. ಒಂದು ಮೂಲೆಯಲ್ಲಿ ಹಳೆಯ ಟಿ.ವಿ., ಮರದ ಪೆಟ್ಟಿಗೆಯದು, ಉಬ್ಬು ಗಾಜಿನದು. ಆ ಟಿ.ವಿ. ಇಲ್ಲದೆ ಮೊದಲು ಕಂಪ್ಯೂಟರಿಗೆ ಮುಖವೇ ಇರಲಿಲ್ಲ. ಚಾನೆಲ್ ತಿರುಗಿಸಿ ತಿರುಗಿಸಿ ಅದರ ಚಿತ್ರವನ್ನು ಹುಡುಕಬೇಕಾಗಿತ್ತು, ಸಿಕ್ಕಿದರೂ ಅಕ್ಷರಗಳು ನೀರಿನೊಳಗೆ ಇದ್ದಂತೆ ನಡುಗುತ್ತಿದ್ದವು. ಈಗ ಹೊಸ ಬೋರ್ಡಿನ ತಂತಿ ಆ ಸೊಟ್ಟ ತೂತಿನಿಂದ ಹೊರಬಂದು, ಆಸ್ಪತ್ರೆಯವರು ಗುಜರಿಗೆ ಹಾಕಲಿದ್ದ, ಅವಳು ಕೇಳಿ ತಂದಿದ್ದ ಚಪ್ಪಟೆ ಮಾನಿಟರಿಗೆ ಹೋಗಿತ್ತು. ನೀಲಿ ಪರದೆ, ಅದರ ಮೇಲೆ ಬಿಳಿ ಅಕ್ಷರ. ಅಕ್ಷರದ ಅಂಚು ಎಷ್ಟು ಸ್ಪಷ್ಟವಾಗಿತ್ತೆಂದರೆ ಮೊದಲ ದಿನ ಅವಳಿಗೆ ಒಂಥರಾ ನಾಚಿಕೆಯಾಗಿತ್ತು, ಇಷ್ಟು ವರ್ಷ ತಿಳಿದಿದ್ದವರ ಮುಖವನ್ನು ಕನ್ನಡಕ ಹಾಕಿಕೊಂಡು ಮೊದಲ ಸಲ ನೋಡಿದ ಹಾಗೆ. ಹಳೆಯ ಚಿಪ್ಪಿನಲ್ಲಿ ಇದ್ದದ್ದು ಹದಿನಾರು ಬಣ್ಣ, ಅವೂ ಒಂದರ ಪಕ್ಕ ಒಂದು ಬಂದರೆ ಕದಡುತ್ತಿದ್ದವು. ಹೊಸದರಲ್ಲಿ ಇನ್ನೂರೈವತ್ತಾರು, ಪ್ರತಿ ಚುಕ್ಕೆಗೂ ಬೇಕಾದ ಬಣ್ಣ. ಬೋರ್ಡು ಕೂರಿಸಿದ ಮೊದಲ ರಾತ್ರಿ ಅವಳು ಏನನ್ನೂ ಬರೆಯದೆ ಬರೀ ಬಣ್ಣದ ಪಟ್ಟಿಗಳನ್ನು ಎಳೆದು ಕುಳಿತಿದ್ದಳು. ಹಸಿರಿನಲ್ಲೇ ಎಷ್ಟು ಬಗೆ. ಆಮೇಲೆ ಆ ಚಿತ್ರ. ಮಂಗಳೂರಿನ ವಿಜ್ಞಾನ ಮೇಳದಲ್ಲಿ ಬಹುಮಾನ ಬಂದ ಚಿತ್ರ. ಅದನ್ನು ತುಂಬಿಸಿಟ್ಟಿದ್ದ ಕ್ಯಾಸೆಟ್ಟು ಬೂಷ್ಟು ಹಿಡಿದು ಹೋಗಿತ್ತು. ಚಿತ್ರ ಬರೆಸುವ ಆಜ್ಞೆಗಳನ್ನು ಅವಳು ಸಾಲು ಸಾಲಾಗಿ ನೆನಪಿನಿಂದಲೇ ಬೆರಳಚ್ಚಿಸಿದಳು. ಬೆರಳು ತಡವರಿಸಲಿಲ್ಲ. ಹಿಂದೆ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದ ಹಾಗೆಯೇ ಅದನ್ನು ಫೋನಿಗೆ ಕಿರುಚು ಸದ್ದಾಗಿ ತುಂಬಿಸಿಟ್ಟುಕೊಂಡಿದ್ದಳು. ಈಗ ಆ ಸದ್ದನ್ನು ಮತ್ತೆ ಕಂಪ್ಯೂಟರಿಗೆ ಊಡಿಸಲು ಫೋನು ಕೀರಲು ಶುರುಮಾಡಿದಾಗ ಕೆಳಗಿನಿಂದ ತಾಯಿ "ಆ ಇಲಿ ಕೂಗುದನ್ನು ನಿಲ್ಸು ಮೋಳೆ" ಎಂದರು.

ಕಾರಿನ ಸದ್ದು, ಜೆಸ್ನಾಳ ನಗು, ಮೆಟ್ಟಿಲ ಮೇಲೆ ಜೆಸ್ವಿನ್‌ನ ಭಾರದ ಹೆಜ್ಜೆ. ಜಿಂಸಿ ಎದ್ದು ನಿಂತಳು. ಆಮೇಲೆ ತಾನು ಯಾಕೆ ಎದ್ದೆ ಎಂದು ಮತ್ತೆ ಕುಳಿತಳು. ಅಣ್ಣ ಒಳಗೆ ಬಂದು ಕೋಣೆಯನ್ನೆಲ್ಲ ಪ್ರೀತಿಯಿಂದ ನೋಡಿದ. ಅವನಿಗೆ ಹೊಟ್ಟೆ ಬಂದಿತ್ತು, ಗಡ್ಡದಲ್ಲಿ ಬಿಳಿ ಬಂದಿತ್ತು. "ಅಯ್ಯೋ ಜೆಸ್ನಾ, ನೋಡು, ಇದೇ ಅದು" ಎಂದು ಕಂಪ್ಯೂಟರಿನ ಬೆನ್ನ ಮೇಲೆ ಅಂಗೈ ಇಟ್ಟ. ಇಟ್ಟ ಕೈ ಹಿಂದಕ್ಕೆ ಜಾರಿ ತೂತಿನ ಅಂಚನ್ನು ತಾಗಿ ನಿಂತಿತು. ಬಗ್ಗಿ ನೋಡಿದ. "ಎಂತ ಇದು? ಇಲಿ ಕಚ್ಚಿದ್ದಾ?"

"ನಾನು ಕೊರೆದದ್ದು ಚೇಟ್ಟಾಯಿ. ಒಳಗೆ ಬೋರ್ಡ್ ಹಾಕಿದ್ದೇನೆ. ಡಿಸ್‌ಪ್ಲೇ ಸ್ಪಷ್ಟ ಮಾಡ್ಲಿಕ್ಕೆ."

"ಹಳೇ ಚಿಪ್?"

"ತೆಗೆದೆ."

ಅವನು ಹೆಬ್ಬೆರಳಿನಿಂದ ತೂತಿನ ಅಂಚನ್ನು ಸವರಿದ. ಅವನ ಸಿಟ್ಟು ಜೋರಾಗಿ ಬರುವ ಜಾತಿಯದಲ್ಲ. ಮೃದುವಾಗಿ, ಬೇಸರದ ಬಟ್ಟೆ ಹಾಕಿಕೊಂಡು ಬರುತ್ತಿತ್ತು. "ನನಗೊಂದು ಮಾತು ಕೇಳ್ಬಹುದಿತ್ತಲ್ಲ ಜಿಂಸೀ. ಇಂಥದ್ದೆಲ್ಲ ಮುಟ್ಟದೆ ಇದ್ರೆ ಮಾತ್ರ ಚಂದ." ಅವಳು ಅಭ್ಯಾಸದಂತೆ ನಗಲು ಹೊರಟು, ನಗು ಅರ್ಧಕ್ಕೆ ನಿಂತದ್ದನ್ನು ತಾನೇ ಗಮನಿಸಿದಳು. ಕೇಳಬಹುದಿತ್ತು. ನಿಜ. ಕೇಳದಿದ್ದದ್ದು ಕೇಳಿದರೆ ಬೇಡ ಎನ್ನುತ್ತಾನೆಂದು ಅಲ್ಲ. ಕೇಳಿದರೆ ಇದು ಅವನದು ಎಂದು ತಾನೇ ಇನ್ನೊಮ್ಮೆ ಒಪ್ಪಿದ ಹಾಗಾಗುತ್ತಿತ್ತು. ಇದನ್ನು ಹೇಳುವ ಬದಲು ಅವಳು ಒಂದು ಕೀಲಿ ಒತ್ತಿದಳು.

ಪರದೆ ಕಪ್ಪಾಯಿತು. ಆಮೇಲೆ ಮೇಲಿನಿಂದ ಕೆಳಗೆ ಆಕಾಶ ಇಳಿಯಿತು. ಗೆರೆ ಗೆರೆಯಾಗಿ ಮನೆ ಬಂತು, ಹೆಂಚು ಬಂತು, ಮನೆಯ ಎದುರು ಒಬ್ಬೊಬ್ಬರಾಗಿ ಮನುಷ್ಯರು ಬಂದು ನಿಂತರು. ಬಿಳಿ ಪಂಚೆಯ ಅಪ್ಪಚ್ಚನ್. ನೀಲಿ ಸೀರೆಯ ಅಮ್ಮಚ್ಚಿ. ಕೆಂಪು ಶರ್ಟಿನ ಹುಡುಗ. ಹಳದಿ ಲಂಗದ ಹುಡುಗಿ. ಹೊಸ ಚಿಪ್ಪಿನಲ್ಲಿ ಕೆಂಪು ನಿಜವಾಗಿ ಕೆಂಪಾಗಿತ್ತು. ಜೆಸ್ವಿನ್ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಅಮ್ಮಚ್ಚೀ, ಮೇಲೆ ಬನ್ನಿ!" ಎಂದು ಕೂಗಿದ. ಅವನ ಕಣ್ಣು ಒದ್ದೆಯಾಗಿತ್ತು. ಸುಳ್ಳು ಕಣ್ಣೀರಲ್ಲ. ಹೆಂಡತಿಯ ಭುಜ ಹಿಡಿದು, "ಇದನ್ನು ನಾನು ಒಂಬತ್ತನೇ ಕ್ಲಾಸಿನಲ್ಲಿ ಮಾಡಿದ್ದು" ಎಂದ.

"ನಾನು ಮಾಡಿದ್ದು" ಎಂದಳು ಜಿಂಸಿ.

ಎಷ್ಟು ಸಣ್ಣ ಧ್ವನಿಯಲ್ಲಿ ಹೇಳಿದಳೆಂದರೆ ಅದು ಕೇಳಿಸಿತೋ ಇಲ್ಲವೋ ಎಂದು ಅವಳಿಗೇ ಅನುಮಾನವಾಯಿತು. ಕೇಳಿಸಿತ್ತು. ಜೆಸ್ವಿನ್ ನಕ್ಕ. ಅವಳ ತಲೆಯ ಮೇಲೆ ಕೈಯಿಟ್ಟು ಚಿಕ್ಕಂದಿನ ಹಾಗೆ ಅಲ್ಲಾಡಿಸಿದ. "ಹೌದು ಹೌದು, ಟೈಪ್ ಮಾಡ್ತಾ ಇದ್ದದ್ದು ಇವಳೇ. ನಾನು ಹೇಳುದು, ಇವಳು ಟೈಪ್ ಮಾಡುದು. ಬೆರಳು ಸಪೂರ ಇತ್ತಲ್ಲ." ಜಿಂಸಿಗೆ ಅವನ ಮುಖದಲ್ಲಿ ಯಾವ ಮೋಸವೂ ಕಾಣಲಿಲ್ಲ. ಅವನಿಗೆ ಹಾಗೆಯೇ ನೆನಪಿತ್ತು. ಆ ಕ್ಷಣ ಅವಳ ಕಾಲ ಕೆಳಗಿನ ನೆಲ ಸ್ವಲ್ಪ ಜರುಗಿತು. ಅವನು ಹೇಳುತ್ತಿದ್ದನೇ? ಹಿಂದೆ ನಿಂತು, ಬಿಸ್ಕತ್ತು ತಿನ್ನುತ್ತಾ, ಈಗ ಕೆಂಪು ಹಾಕು, ಈಗ ಕಿಟಕಿ ಹಾಕು ಎಂದದ್ದು ಉಂಟು. ಹಾಗಾದರೆ ಕುರ್ಚಿಯಲ್ಲಿ ಕುಳಿತದ್ದು ತಾನು, ಮೇಳಕ್ಕೆ ಹೋದದ್ದು ಅವನು. ಆರನೆಯ ಕ್ಲಾಸಿನ ಹುಡುಗಿ ಅಷ್ಟು ದೂರ ಬೇಡ ಎಂದದ್ದು ಮೇಷ್ಟ್ರು. ನಡುವೆ ಇದ್ದ ಚಿತ್ರ ಯಾರದು? ಮುಳ್ಳು ತನ್ನ ಬಟ್ಟೆಯದೇ ಅಲ್ಲವೇನೋ. ಮೆಟ್ಟಿಲೇರಿ ಬಂದಿದ್ದ ತ್ರೇಸ್ಯಾಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಪರದೆಯ ಮೇಲಿನ ಗಂಡನನ್ನೇ ನೋಡುತ್ತಿದ್ದರು. ಜಿಂಸಿ ಅವರತ್ತ ತಿರುಗಿದಳು. "ಅಮ್ಮಚ್ಚೀ, ನೀವು ಹೇಳಿ." ತಾಯಿ ಮಗನನ್ನು ನೋಡಿದರು, ಮಗಳನ್ನು ನೋಡಿದರು. "ನನಗೆ ಗೊತ್ತಿರುದು, ಊಟಕ್ಕೆ ಕರೆದ್ರೆ ಇಬ್ರೂ ಬರ್ತಿರ್ಲಿಲ್ಲ" ಎಂದರು.

ಜೆಸ್ನಾ ಪರದೆಯ ಹತ್ತಿರ ಬಗ್ಗಿದಳು. "ಇವರೆಲ್ಲ ಯಾಕೆ ಇಷ್ಟು ದೂರ ದೂರ ನಿಂತಿದ್ದಾರೆ? ಜಗಳ ಆಗಿತ್ತಾ?" ಎಂದು ಕೇಳಿದಳು. ನಿಜ, ನಾಲ್ವರ ನಡುವೆಯೂ ಸಮನಾದ ಖಾಲಿ ಜಾಗ. ಜೆಸ್ವಿನ್ "ಅದು... ಆಗಿನ ಸ್ಟೈಲ್" ಎಂದ. ಜಿಂಸಿ ಪರದೆಯ ಆ ಖಾಲಿ ಜಾಗಗಳನ್ನು ನೋಡಿದಳು. "ನನ್ನನ್ನೂ ಹಾಕ್ಲಿಕ್ಕೆ ಆಗ್ತದಾ ಇದರಲ್ಲಿ?" ಎಂದಳು ಜೆಸ್ನಾ. "ಯಾಕಾಗುದಿಲ್ಲ" ಎಂದ ಜೆಸ್ವಿನ್ ಕುರ್ಚಿ ಎಳೆದು ಕುಳಿತ. ಜಿಂಸಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನ ದಪ್ಪ ಬೆರಳುಗಳು ಕೀಲಿಗಳ ಮೇಲೆ ಸುಳಿದಾಡಿದವು, ಒಂದು ಪದ ಒತ್ತಿದವು. ಪೀಪ್ ಎಂದು ಸದ್ದು, ತಪ್ಪಾಗಿದೆ ಎಂಬ ಸಾಲು. ಇನ್ನೊಂದು ಪದ. ಮತ್ತೆ ಪೀಪ್. ಮೂರನೆಯ ಸಲ ಅವನು ಏನನ್ನೂ ಒತ್ತದೆ ಕೀಲಿಮಣೆಯನ್ನೇ ನೋಡುತ್ತಾ ಕುಳಿತ. ಅವನ ಕತ್ತಿನ ಹಿಂಭಾಗ ಕೆಂಪಾಗುತ್ತಿರುವುದು ಜಿಂಸಿಗೆ ಕಾಣುತ್ತಿತ್ತು. ಬಯಸಿದ್ದು ಇದನ್ನೇ ಏನೋ, ಕಂಡಾಗ ಸಂತೋಷವಾಗಲಿಲ್ಲ. ಬದಲಿಗೆ ಬೆಳಿಗ್ಗೆ ತನ್ನ ಮುಖ ಬಿಗಿದದ್ದು ನೆನಪಾಯಿತು. "ಹೊಸ ಬೋರ್ಡ್ ಅಲ್ವಾ, ಆಜ್ಞೆ ಎಲ್ಲ ಬೇರೆ" ಎಂದಳು. ಅದು ಅರ್ಧ ಮಾತ್ರ ನಿಜ. ಜೆಸ್ವಿನ್ ಎದ್ದ. "ನೀನು ಕೂತ್ಕೋ" ಎಂದ.

ಅವಳು ಕುಳಿತು ಜೆಸ್ನಾಳನ್ನು ಬರೆದಳು, ಕೆಂಪು ಶರ್ಟಿನ ಹುಡುಗನ ಹೆಗಲಿಗೆ ಹೆಗಲು ತಾಗಿಸಿ, ಇವತ್ತು ಅವಳು ತೊಟ್ಟಿದ್ದ ಅಡಿಕೆ ಹಾಳೆಯ ಬಣ್ಣದ ಚೂಡಿದಾರದಲ್ಲಿ. ಒಂದರ ಬಣ್ಣ ಇನ್ನೊಂದಕ್ಕೆ ಕದಡದೆ ನಿಂತಿತು. ಬರೆದು ಮುಗಿಸಿ, ತಿರುಗದೆಯೇ, "ಇದನ್ನು ನಾನು ಕೊಡುದಿಲ್ಲ ಚೇಟ್ಟಾಯಿ" ಎಂದಳು. "ಓಡುವ ಸಾಮಾನನ್ನು ಶೆಲ್ಫಿಗೆ ಹಾಕುದು ಬೇಡ. ನಿಮಗೆ ನೋಡ್ಲಿಕ್ಕೆ ಬೇಕಾದ್ದು ಅಲ್ವಾ? ಆ ಟಿ.ವಿ. ತಕೊಂಡು ಹೋಗಿ. ಇನ್ನು ಇದಕ್ಕೆ ಅದು ಬೇಡ." ತ್ರೇಸ್ಯಾಮ್ಮ "ಮೋಳೆ" ಎಂದರು ಎಚ್ಚರಿಕೆಯ ಹಾಗೆ. ಜೆಸ್ನಾ ಆಗಲೇ ಮೂಲೆಗೆ ಹೋಗಿ ಮರದ ಪೆಟ್ಟಿಗೆಯ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದಳು. "ಇದು ಇನ್ನೂ ಚಂದ ಉಂಟು ಚೇಚೀ" ಎಂದಳು. ಜೆಸ್ವಿನ್ ತಂಗಿಯನ್ನು ನೋಡಿದ. ಬೇಡ ಎನ್ನುವ ಸ್ವಭಾವ ಅವಳಿಗಿರಲಿಲ್ಲ. ಅವಳ ಬಾಯಲ್ಲಿ ಅದನ್ನು ಅವನು ಮೊದಲ ಸಲ ಕೇಳುತ್ತಿದ್ದ. ಟಿ.ವಿ.ಯ ಅಂಚು ಹಿಡಿದು ಎತ್ತಿ ನೋಡಿ, "ಭಾರ ಉಂಟು ಇದು" ಎಂದ.

ಮರಗೆಣಸು, ಮೀನು ತಿಂದ ಮೇಲೆ ಅಣ್ಣತಂಗಿಯರಿಬ್ಬರೇ ಟಿ.ವಿ.ಯನ್ನು ಇಳಿಸಿದರು. ಅವನು ಕೆಳಗಿನ ಮೆಟ್ಟಿಲಿನಲ್ಲಿ ಹಿಂದಕ್ಕೆ ನಡೆಯುತ್ತಾ, ಅವಳು ಮೇಲಿನಿಂದ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಕಾರಿನ ಹಿಂದಿನ ಸೀಟಿನಲ್ಲಿ ಹಳೆಯ ಬೆಡ್‌ಶೀಟು ಹಾಸಿ ಅದನ್ನು ಕೂರಿಸುವಾಗ ಅವನ ಹೆಬ್ಬೆರಳು ಅಡಿಯಲ್ಲಿ ಸಿಕ್ಕಿಕೊಂಡಿತು, ಅವಳು ಟಿ.ವಿ.ಯನ್ನು ಎತ್ತಿ ಹಿಡಿದಳು. ಜೆಸ್ನಾ ಮುಂದೆ ಕುಳಿತಳು, ತ್ರೇಸ್ಯಾಮ್ಮ ಬಾಗಿಲಿನಿಂದಲೇ ಕೈ ಬೀಸಿ ಒಳಗೆ ಹೋದರು. ಜೆಸ್ವಿನ್ ಗಾಡಿ ಶುರುಮಾಡಿ ತಿರುಗಿಸಿದ, ಗೇಟಿನ ಹತ್ತಿರ ನಿಲ್ಲಿಸಿದ. ಕಿಟಕಿಯ ಗಾಜು ಇಳಿಯಿತು. ಏನೋ ಬಿಟ್ಟು ಹೋಗಿರಬೇಕು ಎಂದುಕೊಂಡು ಜಿಂಸಿ ನಡೆದು ಹೋದಳು. ಅವನು ಸ್ಟೇರಿಂಗನ್ನು ನೋಡುತ್ತಿದ್ದ.

"ಜಿಂಸೀ, ಅವರು ದೂರ ದೂರ ನಿಂತದ್ದು ಯಾಕೆ?"

ಅವಳು ಕಿಟಕಿಯತ್ತ ಬಗ್ಗಿದಳು. ಅವನು ಮತ್ತೆ ಹೇಳಿದ. "ಊಟ ಮಾಡುವಾಗೆಲ್ಲ ಯೋಚಿಸಿದೆ. ನಾನು ಮಾಡಿದ್ರೆ ನಂಗೆ ಗೊತ್ತಿರ್ಬೇಕಲ್ಲ. ಗೊತ್ತಿಲ್ಲ."

ಮುಳ್ಳು ಹೊರಬಂದರೆ ಇಷ್ಟೇ ಸಣ್ಣದಿರುತ್ತದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಈ ಮಾತಿಗೆ ಉತ್ತರವಾಗಿ ಎಷ್ಟು ಖಾರದ ಮಾತುಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದಳು; ಒಂದೂ ಬರಲಿಲ್ಲ. "ಹಳೇ ಚಿಪ್ಪಿನಲ್ಲಿ ಎಂಟೆಂಟು ಚುಕ್ಕೆಯ ಒಂದೊಂದು ಖಾನೆ" ಎಂದಳು. "ಒಂದು ಖಾನೆಯಲ್ಲಿ ಎರಡೇ ಬಣ್ಣ ಹಿಡಿಯುದು. ಮೂರನೆಯದು ಹಾಕಿದ್ರೆ ಮೊದಲಿನದ್ದನ್ನು ಅದು ತಿಂತದೆ. ಅಮ್ಮಚ್ಚಿಯನ್ನು ಪಕ್ಕದಲ್ಲಿ ಬರೆದ ಕೂಡಲೇ ಅಪ್ಪಚ್ಚನ ಹೆಗಲು ನೀಲಿ ಆಯ್ತು. ನಾನು ಮೆಷಿನ್ ಹಾಳಾಯ್ತು ಅಂತ ಹೆದರಿ ಎರಡು ದಿನ ಯಾರಿಗೂ ಹೇಳ್ಲಿಲ್ಲ."

"ಮತ್ತೆ?"

"ಮತ್ತೆ ಅಪ್ಪಚ್ಚನ ಒಟ್ಟಿಗೆ ಹಸಿ ರಬ್ಬರ್ ಶೀಟ್ ನೇತುಹಾಕ್ಲಿಕ್ಕೆ ಹೋಗಿದ್ದೆ. ಒಂದಕ್ಕೊಂದು ತಾಗಿಸ್ಬೇಡ, ನಡುವೆ ಜಾಗ ಬಿಡು, ಇಲ್ಲದಿದ್ರೆ ಅಂಟಿಕೊಳ್ತದೆ ಅಂದ್ರು. ಅಲ್ಲಿಂದಲೇ ಓಡಿ ಬಂದೆ ನಾನು, ಕೈ ತೊಳೀದೆ, ಚಿತ್ರದಲ್ಲೂ ಜಾಗ ಬಿಡ್ಲಿಕ್ಕೆ..."

ಎದುರಿನ ರಸ್ತೆಯಲ್ಲಿ ಒಂದು ಜೀಪು ಬಂದು, ಇವರ ಕಾರು ಗೇಟಿಗೆ ಅಡ್ಡವಿದ್ದುದರಿಂದ ಸ್ವಲ್ಪ ಸರಿದು ಹೋಯಿತು. ಜೆಸ್ವಿನ್ ಕೈ ಚಾಚಿ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದ. ಬಾಗಿಲು ತೆರೆದು ಕಾಲೊಂದನ್ನು ಹೊರಗಿಟ್ಟು ಅವಳತ್ತ ತಿರುಗಿ ಕುಳಿತ.

"ಹೇಳು" ಎಂದ.